ಬಿದ್ದವಳು ನಾನು, ಕೊಠಡಿಗೇಕೆ ಬೀಗ?

ಮಾನ್ಯ ಆಡಳಿತಾಧಿಕಾರಿಗಳೇ,

ಬಿದ್ದವಳು ನಾನು. ನಿಮ್ಮ ಆಸ್ಪತ್ರೆಯ ನೆಲಮಾಳಿಗೆಯ ವ್ಯಾಯಾಮ ಕೊಠಡಿಗೆ ಬೀಗ ಜಡಿಸಿ, ಬಾಗಿಲ ಮೇಲೆ ಒಂದು ಆದೇಶ ಅಂಟಿಸಿದ್ದೀರಲ್ಲ, ಅದರಲ್ಲಿ ಬರುವ "ರೋಗಿಯೊಬ್ಬರು ಬಿದ್ದು ಗಾಯಗೊಂಡ ಹಿನ್ನೆಲೆಯಲ್ಲಿ" ಎಂಬ ಮಾತಿನ ಆ ರೋಗಿ ಬೇರೆ ಯಾರೂ ಅಲ್ಲ. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ವೈದ್ಯರ ಮಾತಿನಂತೆಯೇ ವ್ಯಾಯಾಮ ಮಾಡುತ್ತಿದ್ದ ಒಂದೇ ಒಂದು ಜಾಗವನ್ನು ನೀವು ನನ್ನ ಹೆಸರಿನಲ್ಲಿ, ಅಲ್ಲ, ನನ್ನ ಮೊಣಕಾಲಿನ ಹೆಸರಿನಲ್ಲಿ ಮುಚ್ಚಿದ್ದೀರಿ. ಆ ಮೊಣಕಾಲಿನ ಒಡತಿಯನ್ನು ಒಂದು ಮಾತು ಕೇಳೋಣ ಎಂದು ನಿಮಗೆ ಅನ್ನಿಸಲಿಲ್ಲ. ಕೇಳಿದ್ದರೆ ನಿಮ್ಮ ಕಿವಿಗೆ ಮಾತ್ರ ಬೀಳುವಂತೆ ಹೇಳುತ್ತಿದ್ದೆ. ಈಗ ಕೇಳದೆಯೇ ಹೇಳುತ್ತಿದ್ದೇನೆ, ಅದೂ ಊರಿಗೆಲ್ಲ ಕೇಳುವ ಹಾಗೆ. ನಿಮ್ಮ ಕಚೇರಿಯ ಹೊರಗಿನ ಬೆಂಚಿನ ಮೇಲೆ ಕೂತು ಕೂತು ಸಾಕಾಗಿದೆ. ಮೇಲಾಗಿ, ಹೀಗೆ ಕೂತೇ ಇರುವುದು ನನ್ನಂಥವರಿಗೆ ಒಳ್ಳೆಯದಲ್ಲ ಎಂದು ನಿಮ್ಮ ಆಸ್ಪತ್ರೆಯ ವೈದ್ಯರೇ ಹೇಳಿದ್ದಾರೆ.

ಮೊದಲು ಒಂದು ಸಣ್ಣ ಗೊಂದಲ ಪರಿಹರಿಸಿ. ನೆಲಮಾಳಿಗೆಯ ಬಾಗಿಲು ನಾನು ಬಿದ್ದೆ ಎನ್ನುತ್ತದೆ. ಅಲ್ಲಿಂದ ಮೆಟ್ಟಿಲು ಹತ್ತಿ, ಕ್ಷಮಿಸಿ, ನಾವೀಗ ಮೆಟ್ಟಿಲು ಹತ್ತುವಂತಿಲ್ಲ, ಗಾಲಿಕುರ್ಚಿಯಲ್ಲಿ ಕೂತು ಲಿಫ್ಟಿನಲ್ಲಿ ಮೇಲೆ ಬಂದರೆ, ಮುಖ್ಯ ದ್ವಾರದ ಎದುರಿಗೇ ಗಾಜಿನ ಪೆಟ್ಟಿಗೆಯೊಳಗೆ ನಿಮಗೆ ಬಂದ ಸುರಕ್ಷತಾ ಪ್ರಶಸ್ತಿ ಹೊಳೆಯುತ್ತಿದೆ. ಅದರ ಕೆಳಗಿನ ಫಲಕದಲ್ಲಿ "ಈ ವರ್ಷ ನಮ್ಮಲ್ಲಿ ಬಿದ್ದ ರೋಗಿಗಳು: ಸೊನ್ನೆ" ಎಂದು ಬರೆಸಿದ್ದೀರಿ. ಹಾಗಾದರೆ ನಾನು ಬಿದ್ದೆನೋ ಇಲ್ಲವೋ? ಬಿದ್ದದ್ದು ನಿಜವಾದರೆ ಫಲಕ ಸುಳ್ಳು. ಫಲಕ ನಿಜವಾದರೆ ಬೀಗ ಏಕೆ? ಒಂದೇ ಕಟ್ಟಡದ ಕೆಳಗಿನ ಮಹಡಿಯಲ್ಲಿ ಬಿದ್ದ ಹೆಂಗಸು ಮೇಲಿನ ಮಹಡಿಗೆ ಬರುವಷ್ಟರಲ್ಲಿ ಬೀಳದೇ ಇದ್ದವಳಾಗುವುದು ಯಾವ ವೈದ್ಯಶಾಸ್ತ್ರ? ಸಾಲದೆಂಬಂತೆ ಪ್ರಶಸ್ತಿಯ ಪಕ್ಕದಲ್ಲಿ ಆಳೆತ್ತರದ ಒಂದು ಚಿತ್ರವಿದೆ. ತಲೆಗೆ ಬಟ್ಟೆ ಕಟ್ಟಿಕೊಂಡ ಹೆಂಗಸೊಬ್ಬಳು ಒಂಟಿ ಕಾಲಿನ ಮೇಲೆ ನಿಂತು ಹಲ್ಲು ಕಿರಿಯುತ್ತಿದ್ದಾಳೆ. ಕೆಳಗೆ "ಕ್ಯಾನ್ಸರ್ ರೋಗಿಗಳಿಗೆ ವ್ಯಾಯಾಮ ಪುನಶ್ಚೇತನ, ನಮ್ಮ ಹೆಮ್ಮೆ" ಎಂದಿದೆ. ಅವಳೂ ನಾನೇ. ಆ ಚಿತ್ರ ತೆಗೆದ ಮರುಗಳಿಗೆಯೇ ನಾನು ಬಿದ್ದದ್ದು. ಆ ಕಥೆಗೆ ಬರುತ್ತೇನೆ, ಸ್ವಲ್ಪ ತಾಳಿ.

ನನ್ನದು ಬೇಕರಿ. ಕಾಲೇಜು ಮುಗಿಸಿ, ಮದುವೆಯಾಗಿ, ಗಂಡನ ಜೊತೆಗೆ ಹಿಟ್ಟಿಗೆ ಕೈ ಹಾಕಿದವಳು. ಯಜಮಾನರು ಒಲೆ ಮತ್ತು ಗಿರಾಕಿಗಳನ್ನು ನೋಡಿಕೊಂಡರೆ, ನಾದುವುದು, ಮುರಿದು ಅಚ್ಚಿಗೆ ಹಾಕುವುದು, ಟ್ರೇ ಎತ್ತಿ ಮೇಲಿನ ಅರೆಯಲ್ಲಿಡುವುದು ನನ್ನ ಪಾಲು. ಬೀದಿಯವರು ನನ್ನ ತೋಳು ನೋಡಿ "ಇವಳ ಹತ್ತಿರ ಜಗಳಕ್ಕೆ ಹೋಗಬಾರದು" ಎಂದು ತಮಾಷೆ ಮಾಡುತ್ತಿದ್ದರು. ಅಂಥವಳ ಎದೆಯಲ್ಲಿ ಗಂಟು ಕಂಡಿತು. ನಿಮ್ಮ ಆಸ್ಪತ್ರೆಯಲ್ಲೇ ಕೊಯ್ದರು, ಚೆನ್ನಾಗಿಯೇ ಕೊಯ್ದರು, ಅದರ ಬಗ್ಗೆ ನನ್ನ ತಕರಾರಿಲ್ಲ. ಆಮೇಲೆ ಕೀಮೋ ಶುರುವಾಯಿತು. ಆವಾಗಿನಿಂದ ನನ್ನ ಮನೆಯವರ ಪ್ರೀತಿಯೂ ಶುರುವಾಯಿತು.

ಪ್ರೀತಿ ಎಂದರೆ ಎಂಥದ್ದು ಎನ್ನುತ್ತೀರಿ! ಯಜಮಾನರು ಬೇಕರಿಯ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿದ್ದ, ಗಿರಾಕಿಗಳು ಬಾರಿಸುವ ಗಂಟೆಯನ್ನು ತಂದು ನನ್ನ ಹಾಸಿಗೆಯ ಪಕ್ಕ ಇಟ್ಟರು. ನೀರು ಬೇಕೆಂದರೆ ಗಂಟೆ, ಹೊದಿಕೆ ಸರಿಸಬೇಕೆಂದರೆ ಗಂಟೆ. ಬಾರಿಸಿದರೆ ಸಾಕು, ಮನೆಮಂದಿಯೆಲ್ಲ ಓಡಿ ಬರುತ್ತಿದ್ದರು. ನಮ್ಮ ಗಿರಾಕಿಗಳಿಗೆ ಅಷ್ಟು ಬೇಗ ಯಾವತ್ತೂ ಬನ್ ಸಿಕ್ಕಿದ್ದಿಲ್ಲ. ಅತ್ತೆಯವರು ಒಂದು ಹೆಜ್ಜೆ ಮುಂದೆ ಹೋಗಿ ನನ್ನ ಚಪ್ಪಲಿಗಳನ್ನೇ ಬಚ್ಚಿಟ್ಟರು. ಚಪ್ಪಲಿ ಇದ್ದರೆ ತಾನೇ ಇವಳು ಎದ್ದು ಓಡಾಡುವುದು ಎಂಬುದು ಅವರ ಲೆಕ್ಕಾಚಾರ. ಬಂದ ನೆಂಟರೂ, ಹೋದ ನೆರೆಯವರೂ ಒಂದೇ ಮಾತು: ಸುಸ್ತೇ, ಹಾಗಾದರೆ ಮಲಗು. ನಾನು ಮಲಗಿದೆ. ಮಲಗಿದಷ್ಟೂ ಸುಸ್ತು, ಸುಸ್ತಾದಷ್ಟೂ ಮಲಗುವುದು. ಹುದುಗು ಹಾಕಿದ ಹಿಟ್ಟನ್ನು ಮುಟ್ಟದೆ ತೀರಾ ಹೊತ್ತು ಬಿಟ್ಟರೆ ಉಬ್ಬಿ ಉಬ್ಬಿ ಕೊನೆಗೆ ಕುಸಿದು ಹೋಗುತ್ತದೆ. ನನ್ನ ಮೈಯೂ ಹಾಗೆಯೇ ಆಯಿತು. ಹಿಟ್ಟಿನ ಮೂಟೆ ಎಳೆಯುತ್ತಿದ್ದವಳಿಗೆ ಹಲ್ಲುಜ್ಜಿ ಬರುವಷ್ಟರಲ್ಲಿ ಏದುಸಿರು. ಕೊಯ್ದ ಕಡೆಯ ತೋಳು ಭುಜದಿಂದ ಮೇಲೆ ಏಳುತ್ತಿರಲಿಲ್ಲ, ಜಡೆ ಹಾಕಿಕೊಳ್ಳಲು ಆಗುತ್ತಿರಲಿಲ್ಲ. ಅಷ್ಟರಲ್ಲಿ ಕೂದಲೂ ಉದುರಿತು ಅನ್ನಿ, ಹೀಗಾಗಿ ಆ ತೊಂದರೆ ತಾನಾಗಿಯೇ ಬಗೆಹರಿಯಿತು.

ಒಂದು ದಿನ ಕೀಮೋಗೆಂದು ಹೋದಾಗ, ನನ್ನನ್ನು ನೋಡಿಕೊಳ್ಳುವ ನಿಮ್ಮ ಕ್ಯಾನ್ಸರ್ ವಿಭಾಗದ ಡಾಕ್ಟರಮ್ಮ ರಕ್ತದ ವರದಿ ನೋಡಿದರು, ಆಮೇಲೆ ಕುರ್ಚಿಯಿಂದ ಎದ್ದು ತಮ್ಮ ಮೇಜಿನವರೆಗೆ ನಡೆದು ಬನ್ನಿ ಎಂದರು. ನಾನು ಗೋಡೆ ಹಿಡಿದೆ. ಅವತ್ತಿನ ಔಷಧಿ ಮುಂದಕ್ಕೆ ಹೋಯಿತು. ರಕ್ತ ಸರಿಯಾಗಿದೆ, ಮೈಯಲ್ಲೇ ಶಕ್ತಿಯಿಲ್ಲ, ಈ ಸ್ಥಿತಿಯಲ್ಲಿ ಕೊಟ್ಟರೆ ಔಷಧಿಯೇ ನಿಮ್ಮನ್ನು ಕೆಡವುತ್ತದೆ ಎಂದರು. ನಾನು ಅತ್ತುಬಿಟ್ಟೆ. ಆಗ ಅವರು ಹೇಳಿದ ಮಾತು ನನಗೆ ಇವತ್ತಿಗೂ ಬಾಯಿಪಾಠ:

"ಕಾಯಿಲೆನ ಹೊಡೆಯೋಕೆ ಔಷಧಿ ಇದೆ. ಆದರೆ ಆ ಔಷಧಿನ ತಡ್ಕೊಳ್ಳೋಕೆ ಒಂದು ಮೈ ಬೇಕಲ್ಲ? ಅದು ನಮ್ಮ ಔಷಧಿ ಅಂಗಡೀಲಿ ಸಿಗಲ್ಲ. ಕೆಳಗೆ ಹೋಗಿ, ಮಾಡ್ಕೊಂಡು ಬನ್ನಿ."

ಔಷಧಿಯ ಚೀಟಿಯ ಮೇಲೆಯೇ ವ್ಯಾಯಾಮ ಎಂದು ಬರೆದು ಕೊಟ್ಟರು. ಗಮನಿಸಿ, ಮಾನ್ಯರೇ, ಇದು ಯಾರೋ ಬೀದಿಬದಿಯಲ್ಲಿ ಹೇಳಿದ ಸಲಹೆಯಲ್ಲ. ನಿಮ್ಮ ವೈದ್ಯರು, ನಿಮ್ಮ ಕಾಗದದ ಮೇಲೆ, ನಿಮ್ಮ ಆಸ್ಪತ್ರೆಯ ಮೊಹರಿನ ಕೆಳಗೆ ಬರೆದದ್ದು. ಹಾಗಿರುವಾಗ ಆ ಕೊಠಡಿಗೆ ನೀವು ಹಾಕಿದ್ದು ಔಷಧಿಯ ಕಪಾಟಿಗೆ ಹಾಕಿದ ಬೀಗವಲ್ಲವೇ?

ಆ ಕೊಠಡಿಯನ್ನು ನೀವು ನೋಡಿರಲಿಕ್ಕಿಲ್ಲ. ಹಳೆಯ ಮಂಚಗಳನ್ನು ಪೇರಿಸಿಟ್ಟ ಉಗ್ರಾಣದ ಪಕ್ಕದಲ್ಲಿದೆ. ಒಳಗೆ ಕೈ ಇಲ್ಲದ ಗಟ್ಟಿ ಕುರ್ಚಿಗಳು, ಹಗ್ಗದ ಹಾಗೆ ಎಳೆಯುವ ರಬ್ಬರ್ ಪಟ್ಟಿಗಳು, ನೀರು ತುಂಬಿದ ಬಾಟಲಿಗಳು, ಗೋಡೆಯುದ್ದಕ್ಕೂ ಹಿಡಿದುಕೊಳ್ಳಲು ಒಂದು ಕಂಬಿ, ನೆಲಕ್ಕೆ ಅಂಚು ಸವೆದ ರಬ್ಬರ್ ಹಾಸು. ಇಷ್ಟೇ. ಇದನ್ನು ನಡೆಸುತ್ತಿದ್ದ ಫಿಸಿಯೋಥೆರಪಿಸ್ಟ್ ಹುಡುಗಿಗೆ ನಾವು ರೋಗಿಗಳು ಇಟ್ಟ ಹೆಸರು ಪೀಟಿ ಮೇಡಂ. ಶಾಲೆಯ ಪೀಟಿ ಟೀಚರಿಗಿಂತ ಕಟ್ಟುನಿಟ್ಟು. ಜ್ವರ ಇದೆಯಾ, ತಲೆ ಸುತ್ತುತ್ತಾ, ಎಲ್ಲಿಯಾದರೂ ರಕ್ತ ಬಂತಾ, ಈ ಸಲದ ರಕ್ತದ ವರದಿ ಎಲ್ಲಿ ಎಂದು ಬಾಗಿಲಲ್ಲೇ ವಿಚಾರಣೆ. ಉತ್ತರ ಸರಿಹೋಗದಿದ್ದರೆ ಕಣ್ಣೀರು ಹಾಕಿದರೂ ಒಳಗೆ ಬಿಡುತ್ತಿರಲಿಲ್ಲ, ಮನೆಗೆ ಹೋಗಿ ಮಲಗಿ ಎನ್ನುತ್ತಿದ್ದರು. ಒಳಗೆ ಬಿಟ್ಟ ಮೇಲೆ ಕುರ್ಚಿಯಿಂದ ಏಳು, ಕೂರು, ಮತ್ತೆ ಏಳು. ಗೋಡೆಯ ಮೇಲೆ ಬೆರಳುಗಳನ್ನು ಜೇಡನ ಹಾಗೆ ಹತ್ತಿಸುತ್ತಾ ತೋಳನ್ನು ಮೇಲಕ್ಕೆ ಒಯ್ಯುವುದು. ಮಾತಾಡಲು ಉಸಿರು ಉಳಿಯುವಷ್ಟೇ ವೇಗದಲ್ಲಿ ನಡೆಯುವುದು. ಕೀಮೋದಿಂದ ನನ್ನ ಅಂಗಾಲುಗಳು ಸದಾ ಜೋಮು ಹಿಡಿದಂತಿರುತ್ತವೆ, ನೆಲ ಎಲ್ಲಿದೆ ಎಂದು ಕಾಲಿಗೆ ಗೊತ್ತಾಗುವುದಿಲ್ಲ. ಅದಕ್ಕೆಂದೇ ಕಂಬಿ ಹಿಡಿದು ಒಂಟಿ ಕಾಲಿನ ಮೇಲೆ ನಿಲ್ಲುವ ಅಭ್ಯಾಸ. ಬೀಳದೇ ಇರುವುದನ್ನು ಕಲಿಸುತ್ತಿದ್ದ ಕೊಠಡಿ ಅದು, ಮಾನ್ಯರೇ. ನೀವು ಬೀಳುವಿಕೆಗೆ ಹೆದರಿ ಮುಚ್ಚಿದ್ದು ಅದನ್ನೇ.

ಅಲ್ಲಿಯೇ ನನಗೆ ಡ್ರೈವರಣ್ಣನ ಪರಿಚಯವಾದದ್ದು. ಊರಿನ ಬಸ್ಸು ಓಡಿಸಿ ನಿವೃತ್ತರಾದವರು. ಕರುಳಿನ ಕ್ಯಾನ್ಸರ್. ಜೀವಮಾನವಿಡೀ ಸೀಟಿನ ಮೇಲೆ ಕೂತೇ ದುಡಿದ ಮನುಷ್ಯ, ನಡಿಗೆ ಎಂದರೆ ಡಿಪೋದಿಂದ ಬಸ್ಸಿನವರೆಗೆ ಮಾತ್ರ ಎಂದು ಅವರೇ ಹೇಳಿಕೊಳ್ಳುತ್ತಿದ್ದರು. ಮೊದಮೊದಲು ಕುರ್ಚಿಯಿಂದ ಏಳಿಸಲು ಇಬ್ಬರು ಬೇಕಿತ್ತು. ಕೆಲವು ವಾರಗಳಲ್ಲಿ ನೆಲಮಾಳಿಗೆಯ ಉದ್ದನೆಯ ಓಣಿಯಲ್ಲಿ ನಮ್ಮೆಲ್ಲರ ಮುಂದೆ ಅವರೇ ಹೋಗುತ್ತಿದ್ದರು. ಪ್ರತಿ ಕಂಬದ ಹತ್ತಿರ ನಿಂತು, "ಇಳಿಯೋರು ಇಳೀರಿ, ಹತ್ತೋರು ಹತ್ತಿ, ಕಂಡಕ್ಟರ್ ಇಲ್ಲ, ಅದನ್ನೂ ನಾನೇ ಹೇಳ್ಬೇಕು" ಎನ್ನುತ್ತಿದ್ದರು. ಕೀಮೋ ವಾರ್ಡಿನಲ್ಲಿ ಒಬ್ಬರ ಮುಖ ಒಬ್ಬರು ನೋಡದೆ ಛಾವಣಿ ನೋಡುತ್ತಾ ಮಲಗಿದ್ದ ನಾವೇ ಆ ಓಣಿಯಲ್ಲಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು.

ನನಗೆ ಏನಾಯಿತು ಎಂದು ಹೇಳಿಬಿಡುತ್ತೇನೆ. ವ್ಯಾಯಾಮದಿಂದ ನನ್ನ ಕ್ಯಾನ್ಸರ್ ಹೋಯಿತು ಎಂದು ನಾನು ಹೇಳುವುದಿಲ್ಲ, ಹಾಗೆ ಹೇಳುವವರ ಮಾತು ನಂಬಲೂಬೇಡಿ. ನನಗೆ ಆದದ್ದು ಇಷ್ಟು: ಮುಂದಕ್ಕೆ ಹೋಗಿದ್ದ ಔಷಧಿ ಮತ್ತೆ ಶುರುವಾಯಿತು, ಆಮೇಲೆ ಒಂದು ಸಲವೂ ತಪ್ಪಲಿಲ್ಲ. ತೋಳು ಕಿವಿಯ ಪಕ್ಕಕ್ಕೆ ಏರಿತು. ಒಂದು ಬೆಳಿಗ್ಗೆ ನಾನಾಗಿಯೇ ಬೇಕರಿಗೆ ಇಳಿದು ಹೋಗಿ ಮೇಲಿನ ಅರೆಯಿಂದ ಖಾಲಿ ಟ್ರೇ ಒಂದನ್ನು ತೆಗೆದೆ. ಅತ್ತೆಯವರು ನೋಡಿ ಬಾಯಿಗೆ ಬಂದಂತೆ ಬೈದರು. ಬೈದು ಮುಗಿಸಿ, ಒಳಗೆ ಹೋಗಿ, ಬಚ್ಚಿಟ್ಟಿದ್ದ ಚಪ್ಪಲಿಗಳನ್ನು ತಂದು ನನ್ನ ಕಾಲ ಮುಂದೆ ಇಟ್ಟರು. ನನ್ನ ಬಾಳಿನಲ್ಲಿ ಯಾವ ವೈದ್ಯರ ವರದಿಯೂ ನನಗೆ ಅಷ್ಟು ಸಂತೋಷ ಕೊಟ್ಟಿಲ್ಲ.

ಈಗ ಬಿದ್ದ ಕಥೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆ ನಿಮಗೂ ಗೊತ್ತು, ನನಗೂ ಗೊತ್ತು. ಆದರೆ ಕೆಲವೊಮ್ಮೆ ನೆಲದ್ದೇ ತಪ್ಪಿರುತ್ತದೆ. ಪ್ರಶಸ್ತಿ ಕೊಡುವವರು ತಪಾಸಣೆಗೆ ಬರುತ್ತಾರೆಂದು ನೀವು ಆಸ್ಪತ್ರೆಯನ್ನೆಲ್ಲ ಮದುವಣಗಿತ್ತಿಯಂತೆ ಸಿಂಗರಿಸಿದಿರಿ. ಆ ಭರಾಟೆಯಲ್ಲಿ ನಮ್ಮ ಕೊಠಡಿಯ ರಬ್ಬರ್ ಹಾಸನ್ನು, ಅಂಚು ಸವೆದು ನೋಡಲು ಚೆನ್ನಾಗಿಲ್ಲ ಎಂದು, ಸುತ್ತಿ ಉಗ್ರಾಣಕ್ಕೆ ಎಸೆದರು. ನೆಲಕ್ಕೆ ಮುಖ ಕಾಣುವಂತೆ ಪಾಲಿಶ್ ಹಾಕಿಸಿದರು. ಪಾಲಿಶ್ ಮೇಲೆ ಗುರುತು ಬೀಳಬಾರದೆಂದು ನಮ್ಮ ಬೂಟುಗಳನ್ನು ಹೊರಗೆ ಬಿಡಿಸಿದರು. ಸುರಕ್ಷತೆಯ ಪ್ರಶಸ್ತಿಗಾಗಿ, ಕಾಲಿಗೆ ಸ್ಪರ್ಶವೇ ಇಲ್ಲದ ರೋಗಿಗಳನ್ನು ಗಾಜಿನಂಥ ನೆಲದ ಮೇಲೆ ಕಾಲುಚೀಲದಲ್ಲಿ ನಿಲ್ಲಿಸಿದ ಆಸ್ಪತ್ರೆ ಲೋಕದಲ್ಲಿ ಇನ್ನೊಂದು ಇದ್ದರೆ ದಯವಿಟ್ಟು ತಿಳಿಸಿ.

ಪೀಟಿ ಮೇಡಂ ಅವತ್ತು ತರಗತಿ ಬೇಡ ಎಂದರು. ನಿಮ್ಮ ಕಚೇರಿಯ ಸಹಾಯಕರು ಫೋಟೋ ತೆಗೆಯುವವನನ್ನು ಕರೆದುಕೊಂಡೇ ಬಂದಿದ್ದರು, ಬೇಡ ಎನ್ನುವ ಹಾಗಿರಲಿಲ್ಲ. ಹಾಗಾದರೆ ಎಲ್ಲರೂ ಕೂತು ಮಾಡುವ ವ್ಯಾಯಾಮ ಮಾತ್ರ ಎಂದು ಮೇಡಂ ಹೇಳಿದರು. ಕೂತರೆ ಫೋಟೋ ಎದ್ದು ಕಾಣುವುದಿಲ್ಲ ಎಂದು ಸಹಾಯಕರು ಹೇಳಿದರು. ಕೊನೆಗೆ ನಾನೇ ಒಂಟಿ ಕಾಲಿನ ಮೇಲೆ ನಿಂತೆ. ಮೇಡಂ ನನ್ನ ಮಗ್ಗುಲಲ್ಲೇ, ಬಿದ್ದರೆ ಹಿಡಿಯುವಂತೆ ಕೈ ಚಾಚಿ ನಿಂತಿದ್ದರು. ಆಗ ನಿಮ್ಮ ಸಹಾಯಕರು ಹೇಳಿದ ಮಾತು ಕೇಳಿ:

"ಮೇಡಂ, ನೀವು ಸ್ವಲ್ಪ ಆಚೆ ಬನ್ನಿ. ಫೋಟೋದಲ್ಲಿ ಬರ್ತಿದೀರಿ."

ಮೇಡಂ ಕದಲಲಿಲ್ಲ. ಸಹಾಯಕರು ಇನ್ನೊಮ್ಮೆ, ಈ ಸಲ ನಿಮ್ಮ ಹುದ್ದೆಯ ಹೆಸರೆತ್ತಿ ಹೇಳಿದರು. ಮೇಡಂ ಒಂದು ಹೆಜ್ಜೆ ಸರಿದರು. ಫ್ಲಾಶ್ ಹೊಳೆಯಿತು, ನಾನು ಜಾರಿದೆ. ಮೊಣಕಾಲು ತರಚಿತು, ಮೊಣಕೈಗೆ ಒಂದು ಪಟ್ಟಿ ಬಿತ್ತು. ಅಷ್ಟೇ. ಫೋಟೋ ತೆಗೆಯುವವನೇ ಕ್ಯಾಮೆರಾ ಬದಿಗಿಟ್ಟು ಓಡಿ ಬಂದು ಮೇಡಂ ಜೊತೆ ಸೇರಿ ನನ್ನನ್ನು ಎತ್ತಿದ. ನಿಮ್ಮ ಸಹಾಯಕರು ಚಿತ್ರ ಸರಿಯಾಗಿ ಬಂತೇ ಎಂದು ಕೇಳಿದರು. ಚಿತ್ರ ಚೆನ್ನಾಗಿಯೇ ಬಂದಿದೆ, ದಿನಾ ನೋಡುತ್ತಿದ್ದೇನೆ.

ಮರುದಿನ ಬಾಗಿಲಿಗೆ ಬೀಗ. ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡವರ ಬಗ್ಗೆ ಕೇಳಿದ್ದೆ. ನೀವು ನಮ್ಮ ಮೂಗು ಕೊಯ್ದಿರಿ, ನೆಗಡಿ ಮಾತ್ರ ನಿಮ್ಮದು. ಪೀಟಿ ಮೇಡಂ ಅವರನ್ನು ಮೂಳೆ ವಿಭಾಗಕ್ಕೆ ಕಳಿಸಿದಿರಿ, ಕ್ಯಾನ್ಸರ್ ರೋಗಿಗಳಿಗೆ ವ್ಯಾಯಾಮ ಹೇಳಿಕೊಡಕೂಡದೆಂದು ಬಾಯಿ ಮುಚ್ಚಿಸಿದಿರಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಪಾಲಿಶ್ ಹಾಕಿಸಿದವರು, ಹಾಸು ಸುತ್ತಿಸಿದವರು, ಮೇಡಂ ಅವರನ್ನು ಆಚೆ ಸರಿಸಿದವರು ಎಲ್ಲರೂ ಇದ್ದಲ್ಲೇ ಇದ್ದಾರೆ. ಅದೇ ಆದೇಶದ ಎರಡನೆಯ ಸಾಲಿನಲ್ಲಿ ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಆಸ್ಪತ್ರೆಯ ಆವರಣದಲ್ಲಿ ಗಾಲಿಕುರ್ಚಿಯನ್ನೇ ಬಳಸತಕ್ಕದ್ದು ಎಂದು ವಿಧಿಸಿದಿರಿ. ಈಗ ನಾವು ಗೇಟಿನೊಳಗೆ ಕಾಲಿಡುತ್ತಿದ್ದಂತೆ ಗಾಲಿಕುರ್ಚಿ ಓಡಿ ಬರುತ್ತದೆ. ನಡೆದು ಬಂದವರನ್ನು ಕೂರಿಸಿ ಒಳಗೆ ತಳ್ಳಿಕೊಂಡು ಹೋಗುತ್ತಾರೆ, ಚಿಕಿತ್ಸೆ ಮುಗಿದ ಮೇಲೆ ಅದೇ ಗೇಟಿನಲ್ಲಿ ಇಳಿಸುತ್ತಾರೆ, ಅಲ್ಲಿಂದ ನಾವು ನಡೆದೇ ಬಸ್ ಸ್ಟಾಪಿಗೆ ಹೋಗುತ್ತೇವೆ. ಬೀದಿಯಲ್ಲಿ ಬಿದ್ದರೆ ನಿಮ್ಮ ಸೊನ್ನೆಗೆ ಧಕ್ಕೆಯಿಲ್ಲ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುತ್ತಾರೆ. ಇಲ್ಲಿ ಬಿದ್ದವಳು ನಾನು, ಮಣ್ಣಾಗದ ಮೀಸೆ ತಮ್ಮದು.

ನಾನು ನಿಮ್ಮನ್ನು ಬಂದು ಕಂಡೆ, ನೆನಪಿರಬಹುದು. ಇಲ್ಲದಿದ್ದರೂ ಆಶ್ಚರ್ಯವಿಲ್ಲ, ನಿಮ್ಮ ಕಣ್ಣು ಮೊಬೈಲಿನ ಮೇಲಿತ್ತು. ನಾನು ಬಿದ್ದದ್ದು ಹೇಗೆಂದು ಹೇಳಲು ಶುರುಮಾಡಿದೆ. ನೀವು ಬಹಳ ಮರ್ಯಾದೆಯಿಂದ ಕೈ ಎತ್ತಿ ತಡೆದಿರಿ.

"ನೋಡಿ ಅಮ್ಮ, ನೀವು ಕಾಯಿಲೆಯವರು. ಇದನ್ನೆಲ್ಲ ತಲೆಗೆ ಹಚ್ಕೋಬೇಡಿ, ಆರಾಮವಾಗಿ ಮಲ್ಕೊಳ್ಳಿ. ನಿಮ್ಮ ಒಳ್ಳೇದಕ್ಕೇ ತಾನೇ ಮಾಡಿರೋದು?"

ನನ್ನ ಅತ್ತೆ ಚಪ್ಪಲಿ ಬಚ್ಚಿಟ್ಟದ್ದೂ ನನ್ನ ಒಳ್ಳೆಯದಕ್ಕೇ. ಆದರೆ ಅವರಿಗೆ ನನ್ನ ಮೇಲೆ ಪ್ರೀತಿಯಿತ್ತು, ತಪ್ಪೆಂದು ಗೊತ್ತಾದಾಗ ತಂದು ಕೊಟ್ಟರು. ನಿಮ್ಮದು ಪ್ರೀತಿಯಲ್ಲ ಎಂದು ನಮಗೂ ಗೊತ್ತು, ನಿಮಗೂ ಗೊತ್ತು. ನಾನು ಬಿದ್ದರೆ ನಿಮಗೆ ನೋವಾಗುವುದಿಲ್ಲ, ನಾನು ನಿಮ್ಮ ಆವರಣದೊಳಗೆ ಬಿದ್ದರೆ ಮಾತ್ರ ನೋವಾಗುತ್ತದೆ. ಹಾಸಿಗೆ ಬಿಟ್ಟು ಏಳದವನು ಬೀಳುವುದಾದರೂ ಹೇಗೆ? ಈ ದಾರಿಯಲ್ಲೇ ಮುಂದುವರಿದರೆ ನಿಮಗೆ ಪ್ರತಿ ವರ್ಷವೂ ಪ್ರಶಸ್ತಿ ಖಂಡಿತ. ಅಪಾಯವೇ ಇಲ್ಲ ಎಂದು ನಾನು ವಾದಿಸುತ್ತಿಲ್ಲ. ಅಪಾಯವಿದೆ, ಅದಕ್ಕಾಗಿಯೇ ಬಾಗಿಲಲ್ಲಿ ವಿಚಾರಣೆ ಮಾಡುವ ಒಬ್ಬರು ಬೇಕು, ನೆಲಕ್ಕೆ ಹಾಸು ಬೇಕು, ಸಾಕು ಎನ್ನುವ ಬಾಯಿ ಬೇಕು. ಇವನ್ನೆಲ್ಲ ತೆಗೆದ ಮೇಲೆ ಜನ ಸುಮ್ಮನೆ ಕೂತರೆಂದುಕೊಂಡಿರಾ? ನಮ್ಮ ಜೊತೆಗಿದ್ದ ಒಬ್ಬ ಅಕ್ಕ, ಕಾಯಿಲೆ ಬೆನ್ನಿನ ಮೂಳೆಗೆ ಹರಡಿರುವಾಕೆ, ಮೊಬೈಲಿನಲ್ಲಿ ಯಾರೋ ಗಟ್ಟಿಮುಟ್ಟಾದ ಯುವತಿ ಮಾಡುವುದನ್ನು ನೋಡಿ ತಾವೂ ಬಗ್ಗಿದರು. ಈಗ ಪಕ್ಕಕ್ಕೆ ಹೊರಳಲೂ ಆಗದೆ ನರಳುತ್ತಿದ್ದಾರೆ. ಮೇಡಂ ಇದ್ದಾಗ ಆ ಅಕ್ಕನಿಗೆ ಬಗ್ಗುವುದನ್ನು ಒಮ್ಮೆಯೂ ಹೇಳಿಕೊಟ್ಟಿರಲಿಲ್ಲ. ಅದು ನಿಮ್ಮ ಆವರಣದಲ್ಲಿ ಆಗಲಿಲ್ಲವಲ್ಲ, ಬಿಡಿ.

ಈಗ ಡ್ರೈವರಣ್ಣನ ವಿಷಯ. ಈ ಪತ್ರ ಬರೆಯುತ್ತಿರುವುದೇ ಅವರಿಗಾಗಿ. ನನ್ನ ಕೀಮೋ ಮುಗಿಯುತ್ತಾ ಬಂದಿದೆ, ಬೇಕರಿಯಲ್ಲಿ ಗೋಡೆಯೂ ಇದೆ, ನೀರಿನ ಬಾಟಲಿಯೂ ಇದೆ, ಕಲಿತದ್ದನ್ನು ಕುಂಟುತ್ತಾ ಎಡವುತ್ತಾ ಮಾಡಿಕೊಂಡೇನು. ಅವರಿಗೆ ಹಾಗಲ್ಲ. ಅವರ ಮನೆಯವರಿಗೆ ಮೊದಲಿನಿಂದಲೂ ಭಯ. ಕೊಠಡಿ ಇದ್ದಾಗ ಆಸ್ಪತ್ರೆಯವರೇ ನಡೆಸುತ್ತಿದ್ದಾರೆ ಎಂದು ಧೈರ್ಯವಾಗಿದ್ದರು. ಈಗ ಆಸ್ಪತ್ರೆಯವರೇ ನಡೆಯಬೇಡಿ ಎಂದಿದ್ದಾರೆ. ನೀವು ಬಾಗಿಲಿಗೆ ಅಂಟಿಸಿದ ಕಾಗದ ನಿಮ್ಮ ನೆಲಮಾಳಿಗೆಯಲ್ಲಿ ಉಳಿಯಲಿಲ್ಲ, ನಮ್ಮ ಮನೆಮನೆಗೂ ಬಂತು. ಅವರ ಹೆಂಡತಿ, ನಾನು ಅತ್ತಿಗೆ ಎನ್ನುತ್ತೇನೆ, ಅವರನ್ನು ಬಚ್ಚಲಿಗೂ ಕೈಹಿಡಿದೇ ಕರೆದೊಯ್ಯುತ್ತಾರೆ. ಮಗ ಮಂಚವನ್ನು ಟೀವಿಯ ಮುಂದಕ್ಕೆ ಸರಿಸಿದ್ದಾನೆ. ಆಸ್ಪತ್ರೆಗೆ ಬಂದರೆ ಗೇಟಿನಲ್ಲೇ ಗಾಲಿಕುರ್ಚಿ. ಕಳೆದ ಸಲ ಚಿಕಿತ್ಸೆಗೆ ಬಂದಾಗ ಡಾಕ್ಟರಮ್ಮ ಅವರನ್ನೂ ಎದ್ದು ಮೇಜಿನವರೆಗೆ ನಡೆದು ಬನ್ನಿ ಎಂದರಂತೆ. ಅಣ್ಣ ಕುರ್ಚಿಯ ಕೈ ಹಿಡಿದು ಎದ್ದರಂತೆ, ಹಾಗೆಯೇ ಕೂತರಂತೆ. ಔಷಧಿ ನಿಲ್ಲಿಸಿ ಮನೆಗೆ ಕಳಿಸಿದರು. ಮುಂದಿನ ವಾರ ಇನ್ನೊಮ್ಮೆ ನೋಡುತ್ತಾರೆ. ಆಗಲೂ ನಡೆಯಲಾಗದಿದ್ದರೆ ಈ ಔಷಧಿಯ ಆಸೆ ಬಿಡಬೇಕು, ಆಮೇಲೆ ನೋವು ಕಡಿಮೆ ಮಾಡುವುದಷ್ಟೇ ಎಂದು ಅತ್ತಿಗೆಯನ್ನು ಬೇರೆಯಾಗಿ ಕರೆದು ಹೇಳಿದ್ದಾರೆ. ಡಾಕ್ಟರಮ್ಮನನ್ನು ನಾನು ದೂರುವುದಿಲ್ಲ. ತಡೆದುಕೊಳ್ಳಲಾರದ ಮೈಗೆ ಔಷಧಿ ಕೊಡುವುದು ಕೊಂದ ಹಾಗೆ ಎಂದು ಅವರು ನನಗೂ ಹೇಳಿದ್ದರಲ್ಲ.

ಹಲ್ಲಿದ್ದರೆ ಕಡಲೆಯಿಲ್ಲ, ಕಡಲೆಯಿದ್ದರೆ ಹಲ್ಲಿಲ್ಲ ಎಂಬುದು ವಿಧಿಯ ಆಟವೆಂದು ನಮ್ಮ ಹಿರಿಯರು ತಿಳಿದಿದ್ದರು. ನಿಮ್ಮ ಆಸ್ಪತ್ರೆಯಲ್ಲಿ ಅದನ್ನು ಆಡಳಿತವೇ ವಹಿಸಿಕೊಂಡಿದೆ. ಒಂದನೆಯ ಮಹಡಿಯ ಕ್ಯಾನ್ಸರ್ ವಿಭಾಗದಲ್ಲಿ, ನಡೆಯಲಾರದವರಿಗೆ ಔಷಧಿಯಿಲ್ಲ, ಅದು ವೈದ್ಯರ ನಿಯಮ. ಗೇಟಿನಿಂದ ಹಿಡಿದು ಅಲ್ಲಿಯವರೆಗೆ ನಡೆಯಕೂಡದು, ಇದು ನಿಮ್ಮ ನಿಯಮ. ನಡೆಯುವುದನ್ನು ಕಲಿಸುವ ಕೊಠಡಿಗೆ ಬೀಗ, ಇದು ನಿಮ್ಮ ಆದೇಶ. ಈ ಮೂರನ್ನೂ ಒಟ್ಟಿಗೆ ಇಟ್ಟು ಒಂದು ಸಲ ಓದಿ ನೋಡಿ. ಬಸ್ಸು ಓಡಿಸಿ ಬದುಕಿದ ಒಬ್ಬ ಮನುಷ್ಯ ಇವುಗಳ ನಡುವೆ ಯಾವ ಸಂದಿಯಲ್ಲಿ ನುಸುಳಿ ಬದುಕಬೇಕು? ನಿಮಗೆ ಗೊತ್ತಿದ್ದರೆ ಹೇಳಿ, ನನಗೆ ಹೊಳೆಯುತ್ತಿಲ್ಲ.

ನಾನು ಮೊನ್ನೆ ಒಂದು ಬ್ರೆಡ್ ಕಟ್ಟಿಕೊಂಡು ಅವರ ಮನೆಗೆ ಹೋಗಿದ್ದೆ. ಟೀವಿ ಓಡುತ್ತಿತ್ತು, ಅವರು ನೋಡುತ್ತಿರಲಿಲ್ಲ. ನನ್ನನ್ನು ಕಂಡು ನಗಿಸುವ ಮಾತೇನಾದರೂ ಆಡುತ್ತಾರೆಂದು ಕಾದೆ. ಅತ್ತಿಗೆ ಒಳಗೆ ಹೋದ ಮೇಲೆ ಮೆಲ್ಲಗೆ ಹೇಳಿದರು:

"ಸಾಯೋಕೆ ನನಗೆ ಭಯ ಇಲ್ಲ ತಂಗಿ. ಕಾಯಿಲೆ ದೊಡ್ಡದು, ಸೋತೆ ಅಂದ್ರೆ ಒಪ್ಕೋತೀನಿ. ಆದರೆ ಔಷಧಿ ಇದ್ದೂ, ಮೂರು ಮಾರು ನಡೆಯೋಕೆ ಆಗಲಿಲ್ಲ ಅಂತ ಸಾಯೋದು ಅಂದ್ರೆ ಹೊಟ್ಟೆ ಉರಿಯುತ್ತೆ."

ನನಗೂ ಹೊಟ್ಟೆ ಉರಿಯುತ್ತಿದೆ, ಮಾನ್ಯರೇ. ಕಾ‌ಯಿಲೆ ಬಂದಾಗಲೂ ಇಷ್ಟು ಉರಿದಿರಲಿಲ್ಲ, ಯಾರ ಮೇಲೆ ಸಿಟ್ಟಾಗಬೇಕೆಂದು ಆಗ ಗೊತ್ತಿರಲಿಲ್ಲ. ಅವತ್ತು ಅತ್ತಿಗೆಯನ್ನು ಒಪ್ಪಿಸಿ ಅಣ್ಣನನ್ನು ಎಬ್ಬಿಸಿದೆ. ನಾನೊಂದು ಕಡೆ, ಅತ್ತಿಗೆಯೊಂದು ಕಡೆ ಹಿಡಿದು ಬಾಗಿಲವರೆಗೆ ಹೋಗಿ ಬಂದೆವು. ಸರಿ ಮಾಡುತ್ತಿದ್ದೇವೋ ತಪ್ಪು ಮಾಡುತ್ತಿದ್ದೇವೋ, ಇಷ್ಟು ಸಾಕೋ ಇನ್ನೂ ಬೇಕೋ, ಕೇಳಲು ಯಾರೂ ಇರಲಿಲ್ಲ. ಹೇಳಬೇಕಾದವರು ನಿಮ್ಮ ಮೂಳೆ ವಿಭಾಗದಲ್ಲಿ, ಬಾಯಿಗೆ ಬೀಗ ಹಾಕಿಸಿಕೊಂಡು ಕೂತಿದ್ದಾರೆ.

ನನ್ನ ಬೇಡಿಕೆ ದೊಡ್ಡದೇನಲ್ಲ. ಕೊಠಡಿಯ ಬೀಗ ತೆಗೆಸಿ. ಪೀಟಿ ಮೇಡಂ ಅವರನ್ನು ವಾಪಸ್ಸು ಕಳಿಸಿ. ಉಗ್ರಾಣದಲ್ಲಿ ಧೂಳು ತಿನ್ನುತ್ತಿರುವ ಹಾಸನ್ನು ಹಾಸಿಸಿ, ನಮಗೆ ಬೂಟು ಹಾಕಿಕೊಳ್ಳಲು ಬಿಡಿ. ಗಾಲಿಕುರ್ಚಿ ಬೇಕಾದವರಿಗೆ ಇರಲಿ, ಬೇಡ ಎಂದವರ ದಾರಿಗೆ ಅಡ್ಡ ತರಬೇಡಿ. ಪ್ರಶಸ್ತಿಯನ್ನು ನೀವೇ ಇಟ್ಟುಕೊಳ್ಳಿ, ಚಿತ್ರವೂ ಇರಲಿ. ಆದರೆ ಇದೆಲ್ಲ ಮುಂದಿನ ಸಭೆಯಲ್ಲಿ ಪರಿಶೀಲಿಸಲಾಗುವುದು ಎಂದು ಮಾತ್ರ ಹೇಳಬೇಡಿ. ಡ್ರೈವರಣ್ಣನಿಗೆ ಉಳಿದಿರುವುದು ಮುಂದಿನ ವಾರದವರೆಗೆ.

ತೆಗೆಸುವುದಿಲ್ಲ ಎನ್ನುವುದಾದರೆ ಇನ್ನೊಂದು ಉಪಕಾರ ಮಾಡಿ. ನಿಮ್ಮಲ್ಲಿ ಕತ್ತರಿ ಹಾಕುವ ಮೊದಲು, ಔಷಧಿ ಏರಿಸುವ ಮೊದಲು, ಪ್ರತಿ ಸಲವೂ ನಮ್ಮಿಂದ ಸಹಿ ಹಾಕಿಸಿಕೊಳ್ಳುತ್ತೀರಿ, ಏನೇ ಆದರೂ ಹೊಣೆ ನಮ್ಮದೇ ಎಂದು. ನಾವು ಓದದೆಯೇ ಹಾಕುತ್ತೇವೆ, ಬದುಕುವ ಆಸೆ ನೋಡಿ. ಅಂಥದ್ದೇ ಒಂದು ಕಾಗದದ ಮೇಲೆ ನೀವೊಮ್ಮೆ ಸಹಿ ಹಾಕಿ ಕೊಡಿ. "ಈ ಮನುಷ್ಯನಿಗೆ ಔಷಧಿ ಇತ್ತು. ಅದನ್ನು ತೆಗೆದುಕೊಳ್ಳುವಷ್ಟು ಶಕ್ತಿ ಬರಿಸುವ ಕೊಠಡಿಯೂ ಇತ್ತು. ನಾನು ಬೀಗ ಹಾಕಿಸಿದೆ. ಮುಂದೆ ಆಗುವುದಕ್ಕೆಲ್ಲ ಹೊಣೆ ನನ್ನದು." ಇಷ್ಟೇ. ಅತ್ತಿಗೆಗೆ ಅದನ್ನು ನಾನೇ ಓದಿ ಹೇಳುತ್ತೇನೆ. ಸಹಿ ಹಾಕುವ ಮೊದಲು ಓದಲೇಬೇಕೆಂದಿಲ್ಲ, ನಾವೂ ಓದುವುದಿಲ್ಲ.

ಇಂತಿ,
ತಮ್ಮ ವಿಧೇಯಳಾಗಿರುವಷ್ಟು ತ್ರಾಣ ಮೈಯಲ್ಲಿ ಉಳಿದಿಲ್ಲದ,
ಒಬ್ಬ ಬೇಕರಿಯವಳು